ಶ್ರೀಗಂಧದ ಸ್ಪೈಕ್ ರೋಗ ಮತ್ತು ಬೆಂಗಳೂರಿನ ಜೀವರಸಾಯನ ಸಂಶೋಧನೆ

ಶ್ರೀಗಂಧದ ಮರಕ್ಕೆ ತಗಲುವ ರೋಗಗಳಲ್ಲಿ ಅತ್ಯಂತ ಮಾರಕವಾದದ್ದು ಸ್ಪೈಕ್ ರೋಗ. ರೋಗ ಹತ್ತಿದ ಮರದ ಎಲೆಗಳು ಚಿಗುರಿನಿಂದ ಚಿಗುರಿಗೆ ಕಿರಿದಾಗುತ್ತ, ಗಡುಸಾಗುತ್ತ ಹೋಗುತ್ತವೆ. ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ಜೋಲಬೇಕಾದ ಎಲೆ ಕೊಂಬೆಯಿಂದ ನೆಟ್ಟಗೆ ನಿಮಿರಿ ನಿಂತು, ಇಡೀ ರೆಂಬೆ ಒರಟು ತೆನೆಯಂತೆ ಕಾಣುತ್ತದೆ. ಹೂ ಬಿಡುವುದು ನಿಲ್ಲುತ್ತದೆ, ಬಿಟ್ಟರೂ ಹೂವಿನ ಭಾಗಗಳು ಹಸಿರು ಎಲೆಗಳಾಗಿ ಮಾರ್ಪಡುತ್ತವೆ, ಕಾಯಿ ಕಚ್ಚುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷಗಳೊಳಗೆ ಮರ ಒಣಗಿಹೋಗುತ್ತದೆ. ಎಳೆಯ ಸಸಿ, ಚೇಗು ಕಟ್ಟಿದ ಹಳೆಯ ಮರ ಎಂಬ ಭೇದ ಈ ರೋಗಕ್ಕಿಲ್ಲ.

ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಿಂದ. ಅದರ ಕಾರಣಜೀವಿ ಕಣ್ಣಿಗೆ ಬಿದ್ದದ್ದು 1969ರಲ್ಲಿ. ನಡುವಿನ 70 ವರ್ಷಗಳಲ್ಲಿ ಸಸ್ಯರೋಗ ತಜ್ಞರು, ಅರಣ್ಯಾಧಿಕಾರಿಗಳು, ಕೀಟಶಾಸ್ತ್ರಜ್ಞರು ಈ ಕಾಯಿಲೆಯ ಬೆನ್ನು ಹತ್ತಿದರು. ಇವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದವರು ಮಾಡಿದ ಕೆಲಸ ಎದ್ದು ಕಾಣುತ್ತದೆ. ಸೂಕ್ಷ್ಮಾಣುಗಳ ರಸಾಯನವನ್ನೂ ಸಸ್ಯಗಳ ರಸಾಯನವನ್ನೂ ಒಂದೇ ಪ್ರಯೋಗಶಾಲೆಯಲ್ಲಿ ಓದುವ ಪದ್ಧತಿ ಅಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ತಕ್ಕ ಸಮಸ್ಯೆಯೊಂದು ಮೈಸೂರು ಸಂಸ್ಥಾನದ ಕಾಡಿನಿಂದಲೇ ಬಂದಿತು.

ಮರದ ಸ್ವಭಾವ

ರೋಗವನ್ನು ತಿಳಿಯಬೇಕಾದರೆ ಮೊದಲು ಮರವನ್ನು ತಿಳಿಯಬೇಕು. ಶ್ರೀಗಂಧ (ಸ್ಯಾಂಟಾಲಮ್ ಆಲ್ಬಮ್) ಅರೆ ಪರಾವಲಂಬಿ. ಹಸಿರೆಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೆಲದೊಳಗೆ ಅಕ್ಕಪಕ್ಕದ ಗಿಡಮರಗಳ ಬೇರಿಗೆ ಹೀರುಬೇರುಗಳನ್ನು ಕಚ್ಚಿಸಿ ನೀರನ್ನೂ ಪೋಷಕಾಂಶಗಳನ್ನೂ ಎಳೆದುಕೊಳ್ಳುತ್ತದೆ. ಹೊಂಗೆ, ಜಾಲಿ, ಸರ್ವೆ ಹೀಗೆ ಅನೇಕ ಮರಗಳು ಇದಕ್ಕೆ ಆಸರೆ. ನರ್ಸರಿಯಲ್ಲಿ ಗಂಧದ ಸಸಿಯ ಚೀಲದಲ್ಲೇ ಒಂದು ತೊಗರಿ ಗಿಡ ಬೆಳೆಸುವುದು ಇದಕ್ಕಾಗಿಯೇ. ಸಾರಜನಕ, ರಂಜಕಗಳಿಗೆ ಗಂಧ ಹೆಚ್ಚಾಗಿ ಆಸರೆ ಗಿಡವನ್ನು ನೆಚ್ಚಿಕೊಂಡಿದೆ, ಸುಣ್ಣದ ಅಂಶವನ್ನು ತನ್ನ ಬೇರಿನಿಂದಲೇ ಪಡೆಯುತ್ತದೆ ಎಂಬುದು ಮುಂದೆ ವಿಶ್ಲೇಷಣೆಗಳಿಂದ ತಿಳಿದುಬಂತು. ಹೀಗಾಗಿ ಗಂಧದ ಮರದ ಆರೋಗ್ಯ ಎನ್ನುವುದು ಆ ಒಂದು ಮರದ ವಿಷಯವಲ್ಲ, ಅದರ ಸುತ್ತಲಿನ ಗಿಡಗಂಟಿಗಳೆಲ್ಲವೂ ಅದರಲ್ಲಿ ಸೇರಿವೆ. ಸ್ಪೈಕ್ ರೋಗದ ಸಂಶೋಧನೆ ಅಷ್ಟು ದೀರ್ಘವಾಗಿ ಎಳೆದದ್ದಕ್ಕೆ ಇದೂ ಒಂದು ಕಾರಣ. ಪ್ರಯೋಗಕ್ಕೆ ಇಟ್ಟ ಮರದ ಬೇರು ಯಾವ ಯಾವ ಗಿಡಕ್ಕೆ ಕಚ್ಚಿಕೊಂಡಿದೆ ಎಂದು ಮೇಲೆ ನಿಂತು ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ಮೈಸೂರು ಸಂಸ್ಥಾನಕ್ಕೆ ಗಂಧ ಬೊಕ್ಕಸದ ಮರ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ ಗಂಧದ ಮರ ಯಾರ ಜಮೀನಿನಲ್ಲಿದ್ದರೂ ಸರ್ಕಾರದ್ದೇ ಆಯಿತು. ಮೊದಲನೆಯ ಮಹಾಯುದ್ಧದಿಂದ ಯುರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ, ಎಣ್ಣೆಯನ್ನು ಇಲ್ಲೇ ತೆಗೆಯುವ ಯತ್ನ ನಡೆಯಿತು. ಆಲ್‌ಫ್ರೆಡ್ ಚಾಟರ್ಟನ್ನರ ಮುತುವರ್ಜಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ಪ್ರಯೋಗಗಳಿಂದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಕಾರ್ಖಾನೆ ಏಳುತ್ತಿದ್ದ ಹೊತ್ತಿಗೆ ಕಾಡಿನಲ್ಲಿ ಮರಗಳು ಸಾಯುತ್ತಿದ್ದವು.

ಮೊದಲ ಊಹೆಗಳು

1903ರಲ್ಲಿ ಮದ್ರಾಸಿನ ಸರ್ಕಾರಿ ಸಸ್ಯಶಾಸ್ತ್ರಜ್ಞ ಸಿ. ಎ. ಬಾರ್ಬರ್ ಕೊಡಗಿನ ರೋಗದ ಕುರಿತು ವರದಿ ಬರೆದರು. ಅದೇ ವರ್ಷ ಭಾರತದ ಸಸ್ಯರೋಗ ಶಾಸ್ತ್ರದ ಪಿತಾಮಹರೆನಿಸಿದ ಇ. ಜೆ. ಬಟ್ಲರ್ ಕೂಡ ಇದನ್ನು ಪರೀಕ್ಷಿಸಿದರು. ಶಿಲೀಂಧ್ರವಾಗಲಿ ಬ್ಯಾಕ್ಟೀರಿಯಾವಾಗಲಿ ಸಿಗಲಿಲ್ಲ. ಸಿಗದೆ ಹೋದಾಗ ಊಹೆಗಳಿಗೆ ಎಡೆ ಸಿಕ್ಕಿತು: ಕಾಡಿಗೆ ಬಿದ್ದ ಬೆಂಕಿ ಕಾರಣವೆಂದರು, ಬರಗಾಲವೆಂದರು, ಆಗತಾನೆ ಎಲ್ಲೆಡೆ ಹಬ್ಬುತ್ತಿದ್ದ ಲಂಟಾನವನ್ನು ದೂರಿದರು. ಅರಣ್ಯ ಸಸ್ಯಶಾಸ್ತ್ರಜ್ಞ ಆರ್. ಎಸ್. ಹೋಲ್ ಅವರಂತೂ ಮರದೊಳಗಿನ ರಸಸಂಚಾರದ ಏರುಪೇರೇ ರೋಗ, ಸೋಂಕಲ್ಲ ಎಂದು ವಾದಿಸಿದರು.

ಈ ಚರ್ಚೆಯನ್ನು ನೆಲಕ್ಕಿಳಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದವರು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಆ ಹೆಸರು ಈಗಲೂ ಕೇಳಿಬರುತ್ತದೆ. 1917ರಲ್ಲಿ ಅವರು ಪ್ರಕಟಿಸಿದ ಸ್ಪೈಕ್ ರೋಗದ ಬುಲೆಟಿನ್ ಒಂದು ಸರಳ ಪ್ರಯೋಗದ ಮೇಲೆ ನಿಂತಿದೆ. ರೋಗಿಷ್ಠ ಮರದ ಕಡ್ಡಿಯನ್ನು ಆರೋಗ್ಯವಂತ ಮರಕ್ಕೆ ಕಸಿ ಕಟ್ಟಿದರೆ ಆ ಮರಕ್ಕೂ ರೋಗ ಬರುತ್ತದೆ. ರಸದ ಏರುಪೇರು ಕಸಿಯಿಂದ ದಾಟುವಂಥದ್ದಲ್ಲ. ಹಾಗಾದರೆ ಇದು ಸೋಂಕು, ಬಹುಶಃ ವೈರಸ್ಸು, ಎಂಬ ತೀರ್ಮಾನಕ್ಕೆ ಅಲ್ಲಿಂದ ದಾರಿ ಬಿತ್ತು. ಈ ಲೇಖಕನ ಮಟ್ಟಿಗೆ ಸ್ಪೈಕ್ ರೋಗದ ವಿಜ್ಞಾನ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ಶ್ರೀನಿವಾಸಯ್ಯನವರ ತಂಡ

ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ 1921ರಲ್ಲಿ ರೂಪುಗೊಂಡಿತು. ಅದರ ಹಿಂದಿದ್ದವರು ಗಿಲ್ಬರ್ಟ್ ಫೌಲರ್. ಚರಂಡಿ ನೀರನ್ನು ಸೂಕ್ಷ್ಮಾಣುಗಳ ಸಹಾಯದಿಂದ ಶುದ್ಧಮಾಡುವ, ಇಂದು ಜಗತ್ತಿನ ಅನೇಕ ನಗರಗಳು ಬಳಸುವ ವಿಧಾನಕ್ಕೆ ಮ್ಯಾಂಚೆಸ್ಟರಿನಲ್ಲಿ ಪ್ರೇರಣೆ ಕೊಟ್ಟವರು ಅವರೇ. ಅವರ ನಂತರ ರೋಲ್ಯಾಂಡ್ ನಾರಿಸ್, ಆಮೇಲೆ ವಿ. ಸುಬ್ರಹ್ಮಣ್ಯನ್ ವಿಭಾಗವನ್ನು ನಡೆಸಿದರು. ನೀರು ನಿಂತ ಗದ್ದೆಮಣ್ಣಿನ ಸೂಕ್ಷ್ಮಾಣು ರಸಾಯನವನ್ನು ಅಭ್ಯಾಸ ಮಾಡಿದ್ದ ಸುಬ್ರಹ್ಮಣ್ಯನ್, ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಹುದುಗುವಿಕೆ, ಅರಗು, ಮಣ್ಣು, ಕಿಣ್ವ ಎಲ್ಲವೂ ಒಂದೇ ಸೂರಿನಡಿ ಇದ್ದ ವಿಭಾಗವದು.

ಸ್ಪೈಕ್ ರೋಗದ ಕೆಲಸದಲ್ಲಿ ಮುಂದೆ ನಿಂತವರು ಎಂ. ಶ್ರೀನಿವಾಸಯ್ಯ. ಅರಗಿನ ರಸಾಯನದಿಂದ ಶುರುಮಾಡಿ, ಕಿಣ್ವಗಳು ಕೆಲಸಮಾಡುವಾಗ ದ್ರಾವಣದ ಗಾತ್ರದಲ್ಲಾಗುವ ಅತಿ ಸಣ್ಣ ಬದಲಾವಣೆಯನ್ನು ಅಳೆದು ಕ್ರಿಯೆಯ ವೇಗ ತಿಳಿಯುವ ವಿಧಾನವನ್ನು ಬಿ. ಎನ್. ಶಾಸ್ತ್ರಿಯವರೊಡನೆ ಬೆಳೆಸಿದವರು ಅವರು. ಗಂಧದ ರೋಗಕ್ಕೂ ಅವರು ಅದೇ ಅಳತೆಯ ಕಣ್ಣನ್ನು ತಂದರು. 1920ರ ದಶಕದ ಕೊನೆಯಿಂದ ಸಂಸ್ಥೆಯ ಪತ್ರಿಕೆಯಲ್ಲಿ ಶ್ರೀಗಂಧದ ಸ್ಪೈಕ್ ರೋಗದ ಅಧ್ಯಯನವೆಂಬ ಲೇಖನಮಾಲೆ ಕಂತುಕಂತಾಗಿ ಹೊರಬಂತು. ಎ. ವಿ. ವರದರಾಜ ಅಯ್ಯಂಗಾರ್ ಮುಂತಾದವರ ವಿಶ್ಲೇಷಣೆಗಳು ಅದರಲ್ಲಿವೆ.

ಅವರು ಕಂಡದ್ದು ಇಷ್ಟು. ರೋಗ ಬಂದ ಎಲೆಯಲ್ಲಿ ಪಿಷ್ಟ ವಿಪರೀತ ಶೇಖರವಾಗುತ್ತದೆ. ಸಾರಜನಕ ಹೆಚ್ಚುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಪಿಷ್ಟದ ಪರೀಕ್ಷೆಯನ್ನು ಶಾಲೆಯ ಪ್ರಯೋಗಶಾಲೆಯಲ್ಲೂ ಮಾಡಬಹುದು: ಎಲೆಯನ್ನು ಬಿಸಿ ಆಲ್ಕೋಹಾಲಿನಲ್ಲಿಟ್ಟು ಹಸಿರು ಕಳೆದು, ಬಿಳಿಚಿದ ಎಲೆಯ ಮೇಲೆ ಅಯೊಡಿನ್ ಹಾಕಿದರೆ ಪಿಷ್ಟ ಇರುವ ಕಡೆಯೆಲ್ಲ ಕಪ್ಪು ನೀಲಿ ಹಬ್ಬುತ್ತದೆ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಆರೋಗ್ಯವಂತ ಎಲೆ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಕರಗಿಸಿ ಬೇರಿಗೂ ಕಾಂಡಕ್ಕೂ ಕಳುಹಿಸಿರುತ್ತದೆ. ರೋಗದ ಎಲೆ ಅದನ್ನು ಕಳುಹಿಸಲಾರದೆ ತುಂಬಿಕೊಂಡಿರುತ್ತದೆ. ಅಂದರೆ ಆಹಾರ ಸಾಗುವ ನಾಳದಲ್ಲೇ ಏನೋ ತೊಂದರೆ. ಅತ್ತ ನೆಲದೊಳಗೆ ಬೇರಿಗೆ ಆಹಾರ ಸಿಗದೆ ಹೀರುಬೇರುಗಳು ಸಾಯುತ್ತವೆ, ಆಸರೆ ಗಿಡದ ಸಂಬಂಧ ಕಡಿಯುತ್ತದೆ. ಮೇಲೆ ಎಲೆ ತುಂಬಿದ್ದೂ ಕೆಳಗೆ ಬೇರು ಉಪವಾಸ ಬೀಳುವ ರೋಗ ಇದು. ಕ್ಯಾಲ್ಸಿಯಂ ಮತ್ತು ಸಾರಜನಕದ ಅನುಪಾತ ಮುಂದೆ ರೋಗಪತ್ತೆಯ ಒಂದು ಒರೆಗಲ್ಲೇ ಆಯಿತು.

ರೋಗವನ್ನು ಬೇಕೆಂದಾಗ ಬರಿಸುವ ವಿಧಾನವೂ ಬೇಕಿತ್ತು. ರೋಗದ ಮರದ ರಸವನ್ನು ಹಿಂಡಿ ಚುಚ್ಚಿದರೆ ರೋಗ ಬರುತ್ತಿರಲಿಲ್ಲ. ಕಡ್ಡಿ ಕಸಿ ಎಲ್ಲ ಸಲವೂ ಹತ್ತುತ್ತಿರಲಿಲ್ಲ. 1930ರಲ್ಲಿ ಶ್ರೀನಿವಾಸಯ್ಯ ಹೊಸ ದಾರಿಗಳನ್ನು ತೋರಿಸಿದರು. ರೋಗದ ಮರದ ತೊಗಟೆಯ ತುಂಡನ್ನು ಆರೋಗ್ಯವಂತ ಮರದ ತೊಗಟೆಯಲ್ಲಿ ಕೂರಿಸುವುದು ಒಂದು, ರೋಗದ ಎಲೆಯ ಚೂರನ್ನು ತೊಗಟೆಯಡಿ ಸೇರಿಸಿ ಕಟ್ಟುವುದು ಇನ್ನೊಂದು. ಜೀವಂತ ಅಂಗಾಂಶ ಅಂಗಾಂಶಕ್ಕೆ ಬೆಸೆದರೆ ಸಾಕು, ಕಡ್ಡಿ ಚಿಗುರಬೇಕೆಂದಿಲ್ಲ. ಹೀಗೆ ಕಟ್ಟಿದ ಮೇಲೆ ತಿಂಗಳುಗಟ್ಟಲೆ ಕಾಯಬೇಕು, ಹೊಸ ಚಿಗುರು ಸಣ್ಣದಾಗಿ ಬಂದರೆ ಪ್ರಯೋಗ ಗೆದ್ದಂತೆ.

ಅದೇ ವರ್ಷ ಅವರು ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಸಂಗತಿಯನ್ನು ವರದಿ ಮಾಡಿದರು. ಸೋಂಕು ಒಳಗೆ ಇದ್ದೂ ಮರ ಹೊರಗೆ ಲಕ್ಷಣ ತೋರಿಸದೆ ಇರಬಹುದು. ಈ ಮರೆಸಿಟ್ಟ ಸೋಂಕು ಅರಣ್ಯ ಇಲಾಖೆಯ ನೀತಿಗೇ ಪೆಟ್ಟು ಕೊಡುವ ಮಾತಾಗಿತ್ತು. ರೋಗದ ಮರಗಳನ್ನು ಗುರುತಿಸಿ ಬೇರುಸಹಿತ ಕಿತ್ತರೆ ಕಾಡು ಶುದ್ಧವಾಗುತ್ತದೆಂಬ ನಂಬಿಕೆಯಲ್ಲಿ ಇಲಾಖೆ ವರ್ಷಗಳಿಂದ ಮರ ಕೀಳಿಸುತ್ತಿತ್ತು. ಕಣ್ಣಿಗೆ ಕಾಣುವ ರೋಗಿಯನ್ನು ಕಿತ್ತರೂ ಪಕ್ಕದಲ್ಲಿ ಕಾಣದ ರೋಗಿ ಉಳಿದಿರುತ್ತದೆ ಎಂದು ತಿಳಿದ ಮೇಲೆ, ಆ ಕೆಲಸ ಏಕೆ ಫಲ ಕೊಡಲಿಲ್ಲವೆಂಬುದು ಸ್ಪಷ್ಟವಾಯಿತು. ಸ್ಪೈಕ್ ಸಂಶೋಧನೆಯಲ್ಲಿ ಬೆಂಗಳೂರಿನಿಂದ ಬಂದ ಅತ್ಯಂತ ಬೆಲೆಯುಳ್ಳ ತಿಳಿವಳಿಕೆ ಇದೇ ಎಂದು ಹೇಳಬಹುದು. ಇಂದಿನ ತೋಟಗಳಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ಶ್ರೀನಿವಾಸಯ್ಯನವರ ಪ್ರಯೋಗಶಾಲೆಗೆ 1933ರಲ್ಲಿ ಬಂದ ವಿದ್ಯಾರ್ಥಿನಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ. ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದ ನಿರ್ದೇಶಕ ಸಿ. ವಿ. ರಾಮನ್ ಅವರೆದುರು ಪಟ್ಟು ಹಿಡಿದು, ಒಂದು ವರ್ಷದ ಪರೀಕ್ಷಾರ್ಥ ಷರತ್ತಿನ ಮೇಲೆ ಸೇರಿದವರು. ಅವರಿಗೆ ಶ್ರೀನಿವಾಸಯ್ಯ ಕೊಟ್ಟ ವಿಷಯ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳು. 1936ರಲ್ಲಿ ಪದವಿ ಪಡೆದು ಕೇಂಬ್ರಿಜ್ಜಿಗೆ ಹೋದ ಅವರು ಆಲೂಗಡ್ಡೆಯಲ್ಲಿ ಸೈಟೋಕ್ರೋಮ್ ಸಿ ಎಂಬ ಉಸಿರಾಟದ ಪ್ರೋಟೀನನ್ನು ಪತ್ತೆಹಚ್ಚಿ, ಸಸ್ಯಗಳ ಉಸಿರಾಟವೂ ಪ್ರಾಣಿಗಳ ಉಸಿರಾಟದ ದಾರಿಯಲ್ಲೇ ನಡೆಯುತ್ತದೆಂಬುದಕ್ಕೆ ಬಲ ತಂದರು. 1939ರಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿತು. ಸಸ್ಯದ ಜೀವರಸಾಯನವನ್ನು ಗಂಭೀರ ವಿಷಯವಾಗಿ ಕಲಿಸಿದ ಗುರುವೊಬ್ಬರು ಬೆಂಗಳೂರಿನಲ್ಲಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜವಳಗಿರಿಯ ಜಿಗಿಹುಳುಗಳು

ಕಾಡಿನಲ್ಲಿ ಯಾರೂ ಕಸಿ ಕಟ್ಟುವುದಿಲ್ಲ. ಹಾಗಾದರೆ ರೋಗ ಮರದಿಂದ ಮರಕ್ಕೆ ದಾಟುವುದು ಹೇಗೆ? ಸಂದೇಹ ಕೀಟಗಳ ಮೇಲೆ ಹೋಯಿತು. 1930ರ ದಶಕದಲ್ಲಿ ಕೊಡಗಿನ ಫ್ರೇಸರ್‌ಪೇಟೆ (ಇಂದಿನ ಕುಶಾಲನಗರ), ಅಂದಿನ ಉತ್ತರ ಸೇಲಂನ ಅಯ್ಯೂರು ಮತ್ತು ಜವಳಗಿರಿ ಕಾಡುಗಳಲ್ಲಿ ಗಂಧದ ಮರದ ಮೇಲಿನ ಕೀಟಗಳ ವ್ಯವಸ್ಥಿತ ಸಮೀಕ್ಷೆ ನಡೆಯಿತು. ಜವಳಗಿರಿ ಬೆಂಗಳೂರಿನ ದಕ್ಷಿಣಕ್ಕೆ, ಆನೇಕಲ್ಲು ದಾಟಿ ತಳಿಯ ಕಡೆಗೆ ಹೋದರೆ ಸಿಗುವ ಊರು. ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ, ಕನ್ನಡ ಮಾತು ಧಾರಾಳವಾಗಿ ಕೇಳುವ ಗಡಿಸೀಮೆ. ಬನ್ನೇರುಘಟ್ಟದ ಕಾಡು ಹೀಗೆಯೇ ದಕ್ಷಿಣಕ್ಕೆ ಮುಂದುವರಿದು ಆ ಸೀಮೆಯನ್ನು ಮುಟ್ಟುತ್ತದೆ.

ಸೆಡ್ರಿಕ್ ಡೋವರ್, ಎಂ. ಅಪ್ಪಣ್ಣ ಮೊದಲಾದವರು ಈ ಕೀಟಗಳನ್ನು ಅಭ್ಯಾಸ ಮಾಡಿದರು. 1935ರಲ್ಲಿ ರಂಗಸ್ವಾಮಿ ಮತ್ತು ಶ್ರೀನಿವಾಸಯ್ಯ ಕೀಟಗಳ ಮೂಲಕ ರೋಗ ದಾಟಿದ್ದನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ ರಂಗಸ್ವಾಮಿ ಮತ್ತು ಗ್ರಿಫಿತ್ ‘ಜಾಸಸ್ ಇಂಡಿಕಸ್’ ಎಂಬ ಜಿಗಿಹುಳುವನ್ನು ಹೆಸರಿಸಿದರು. ಆ ಫಲಿತಾಂಶ ನಂತರದವರ ಕೈಯಲ್ಲಿ ಖಚಿತವಾಗಿ ಮರುಕಳಿಸಲಿಲ್ಲ. 1970ರ ದಶಕದಲ್ಲಿ ಬತ್ತದ ಹಸಿರು ಜಿಗಿಹುಳುವಿನ ಮೇಲೂ ಆರೋಪ ಬಂತು. ವಾಹಕ ಕೀಟದ ಪ್ರಶ್ನೆ ಇವತ್ತಿಗೂ ಮುಗಿದ ಅಧ್ಯಾಯವಲ್ಲ.

1969

ಇಷ್ಟು ಕಾಲವೂ ರೋಗಕ್ಕೆ ವೈರಸ್ಸೇ ಕಾರಣವೆಂದು ಬಹುಮಂದಿ ನಂಬಿದ್ದರು. 1967ರಲ್ಲಿ ಜಪಾನಿನ ದೊಯಿ ಮತ್ತು ಸಂಗಡಿಗರು ಹಿಪ್ಪುನೇರಳೆಯ ಕುಳ್ಳುರೋಗದ ಗಿಡಗಳ ಆಹಾರನಾಳದಲ್ಲಿ ವೈರಸ್ಸಿಗಿಂತ ದೊಡ್ಡದಾದ, ಕೋಶಭಿತ್ತಿಯಿಲ್ಲದ ಜೀವಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಜಗತ್ತಿನಾದ್ಯಂತ ಹಳೆಯ ‘ವೈರಸ್’ ರೋಗಗಳ ಮರುಪರೀಕ್ಷೆ ಶುರುವಾಯಿತು. ಎರಡೇ ವರ್ಷದಲ್ಲಿ, 1969ರಲ್ಲಿ, ಮೂರು ತಂಡಗಳು ಬೇರೆ ಬೇರೆಯಾಗಿ ಸ್ಪೈಕ್ ರೋಗದ ಗಂಧದಲ್ಲಿ ಇಂಥವೇ ಜೀವಿಗಳನ್ನು ಕಂಡು ಪ್ರಕಟಿಸಿದವು: ಹಲ್, ಹಾರ್ನ್ ಮತ್ತು ನಾಯರ್ ಅವರ ತಂಡ, ನೆದರ್ಲೆಂಡ್ಸಿನ ಡಿಕ್‌ಸ್ಟ್ರಾ ಮತ್ತು ಈ (Ie) ಅವರ ತಂಡ, ಹಾಗೂ ಎಸ್. ಪಿ. ರಾಯ್‌ಚೌಧುರಿಯವರನ್ನೊಳಗೊಂಡ ವರ್ಮಾ ತಂಡ. ಈ ಜೀವಿಗಳಿಗೆ ಫೈಟೋಪ್ಲಾಸ್ಮ ಎಂಬ ಹೆಸರು 1994ರಿಂದ ರೂಢಿಗೆ ಬಂತು. ಆಮೇಲಿನ ಡಿಎನ್‌ಎ ಪರೀಕ್ಷೆಗಳು ಗಂಧದ ಫೈಟೋಪ್ಲಾಸ್ಮವನ್ನು ಆಸ್ಟರ್ ಹಳದಿರೋಗದ ಗುಂಪಿಗೆ ಸೇರಿಸಿವೆ.

ಕನ್ನಡ ನಾಡಿನ ರೈತರಿಗೆ ಈ ಜೀವಿಯ ಬಂಧುಗಳು ಅಪರಿಚಿತವಲ್ಲ. ಬದನೆಯ ಕಿರುಎಲೆ ರೋಗ, ಎಳ್ಳಿನ ಹೂವೆಲ್ಲ ಹಸಿರೆಲೆಯಾಗುವ ರೋಗ, ಸುಳ್ಯ ಶೃಂಗೇರಿಗಳ ಅಡಿಕೆ ತೋಟಗಳನ್ನು ಬರಿದುಮಾಡಿದ ಹಳದಿ ಎಲೆ ರೋಗ, ಇವೆಲ್ಲದರ ಜೊತೆ ಫೈಟೋಪ್ಲಾಸ್ಮಗಳ ಹೆಸರಿದೆ. ಬ್ಯಾಕ್ಟೀರಿಯಾ ವಂಶದವಾದರೂ ಇವು ತಮ್ಮ ಬದುಕಿಗೆ ಬೇಕಾದ ಬಹುಪಾಲು ಜೀನ್‌ಗಳನ್ನು ಕಳೆದುಕೊಂಡಿವೆ. 2004ರಲ್ಲಿ ಮೊದಲ ಫೈಟೋಪ್ಲಾಸ್ಮದ ಪೂರ್ಣ ಜೀನೋಮ್ ಓದಿದಾಗ, ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ತಯಾರಿಸುವ ಸಾಮಾನ್ಯ ಕಿಣ್ವವ್ಯವಸ್ಥೆಯೇ ಅದಕ್ಕಿಲ್ಲವೆಂದು ತಿಳಿಯಿತು. ಬೇಕಾದದ್ದನ್ನೆಲ್ಲ ಗಿಡದ ಆಹಾರನಾಳದಿಂದಲೋ ಕೀಟದ ಮೈಯಿಂದಲೋ ಪಡೆಯಬೇಕು. ಪ್ರಯೋಗಶಾಲೆಯ ತಟ್ಟೆಯಲ್ಲಿ ಇದನ್ನು ಬೆಳೆಸುವುದು ಬಹಳ ಕಷ್ಟವಾದದ್ದೂ, ಬಟ್ಲರ್ ಅವರಿಗೆ ಏನೂ ಸಿಗದೇ ಹೋದದ್ದೂ ಇದರಿಂದಲೇ. ಇತರ ಫೈಟೋಪ್ಲಾಸ್ಮಗಳ ಮೇಲಿನ ಅಧ್ಯಯನಗಳ ಪ್ರಕಾರ ಅವು ಸಣ್ಣ ಪ್ರೋಟೀನುಗಳನ್ನು ಹೊರಸೂಸಿ ಗಿಡದ ಬೆಳವಣಿಗೆಯ ಸೂಚನೆಗಳನ್ನೇ ತಿರುಚುತ್ತವೆ. ಹೂವು ಎಲೆಯಾಗುವುದು, ರೆಂಬೆ ಕುಳ್ಳಾಗಿ ಗುಂಪುಗಟ್ಟುವುದು ಆ ಪ್ರೋಟೀನುಗಳ ಕೆಲಸ.

ವೈರಸ್ಸಿನ ಸಿದ್ಧಾಂತ ಬಿದ್ದುಹೋಯಿತು, ಆದರೆ ಶ್ರೀನಿವಾಸಯ್ಯನವರ ತಂಡ ಬರೆದಿಟ್ಟ ಮುಖ್ಯ ಅವಲೋಕನಗಳು ಬೀಳಲಿಲ್ಲ. ಪಿಷ್ಟ ಶೇಖರಣೆ, ರಸ ಚುಚ್ಚಿದರೆ ಬಾರದ ರೋಗ ತೊಗಟೆಯ ತುಂಡಿನಿಂದ ಬರುವುದು, ಮರೆಸಿಟ್ಟ ಸೋಂಕು, ಜಿಗಿಹುಳುವಿನ ಮೇಲಿನ ಸಂದೇಹ, ಎಲ್ಲವೂ ಆಹಾರನಾಳದಲ್ಲಿ ಮಾತ್ರ ಬದುಕುವ ಜೀವಿಗೆ ತಕ್ಕಂತೆಯೇ ಇವೆ. ಕಾಣದ ಜೀವಿಯ ಮನೆಯನ್ನು ಅವರು ರಸಾಯನದಿಂದ ಗುರುತಿಸಿಟ್ಟಿದ್ದರು. ಸರಿಯಾದ ಸೂಕ್ಷ್ಮದರ್ಶಕ ಬರುವವರೆಗೆ ಆ ಮನೆಯ ಬಾಗಿಲು ತೆರೆಯಲಿಲ್ಲ, ಅಷ್ಟೆ.

ನಂತರದ ಕೆಲಸ

ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ಈ ಜೀವಿಗೆ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ನಾಟುತ್ತದೆ. 1970ರ ದಶಕದಲ್ಲಿ ಮರದ ಕಾಂಡಕ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಕೊಟ್ಟ ಪ್ರಯೋಗಗಳಲ್ಲಿ ಎಲೆಗಳು ಮತ್ತೆ ಅಗಲವಾಗಿ ಬಂದವು. ಔಷಧದ ಪ್ರಭಾವ ಇಳಿದಂತೆ ರೋಗವೂ ಮರಳಿತು. ಕಾಡಿನ ಮರಗಳಿಗೆಲ್ಲ ಆ್ಯಂಟಿಬಯಾಟಿಕ್ ಕೊಡುವುದು ಆಗುವ ಮಾತೂ ಅಲ್ಲ, ಒಳ್ಳೆಯದೂ ಅಲ್ಲ.

ಇನ್ನೊಂದು ದಾರಿ ಆರೋಗ್ಯವಂತ ಮರಗಳನ್ನು ಅಂಗಾಂಶ ಕೃಷಿಯಿಂದ ಬೆಳೆಸುವುದು. 1979ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಲಕ್ಷ್ಮೀ ಸೀತಾ, ಎನ್. ವಿ. ರಾಘವ ರಾಮ್ ಮತ್ತು ಸಿ. ಎಸ್. ವೈದ್ಯನಾಥನ್ ಗಂಧದ ಕಾಂಡದ ಅಂಗಾಂಶದಿಂದ ಭ್ರೂಣರೂಪಗಳನ್ನೂ ಸಸಿಗಳನ್ನೂ ಪಡೆದದ್ದನ್ನು ಪ್ರಕಟಿಸಿದರು. ಇವರಲ್ಲಿ ವೈದ್ಯನಾಥನ್, ಸೂಕ್ಷ್ಮಾಣು ಮತ್ತು ಸಸ್ಯ ಎರಡನ್ನೂ ಒಟ್ಟಿಗೆ ಓದುವ ಜೀವರಸಾಯನ ವಿಭಾಗದ ಹಳೆಯ ಪರಂಪರೆಯನ್ನು ನೇರವಾಗಿ ಮುಂದುವರಿಸಿದವರು. ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಬೆಂಜೀನ್ ಉಂಗುರವುಳ್ಳ ರಾಸಾಯನಿಕಗಳನ್ನು ಹೇಗೆ ಒಡೆದು ಕರಗಿಸುತ್ತವೆ ಎಂಬುದು ಅವರ ಮುಖ್ಯ ಕ್ಷೇತ್ರ. ಅದರ ಜೊತೆಗೇ ಬೆಂಗಳೂರಿನ ಬೀದಿಬದಿಯಲ್ಲಿ ಹಳದಿ ಹೂ ಬಿಡುವ ಟೆಕೋಮ ಗಿಡದ ಎಲೆಗಳಲ್ಲಿ ಅದೇ ಬಗೆಯ ಕಿಣ್ವಗಳನ್ನು ಹುಡುಕಿದರು.

ಇಂದು ಗಂಧದ ಸಂಶೋಧನೆಯ ಮುಖ್ಯ ನೆಲೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಕೇರಳದ ಮರಯೂರಿನ ಗಂಧದ ಕಾಡಿಗೂ 1980ರ ದಶಕದಲ್ಲಿ ರೋಗ ಕಾಲಿಟ್ಟಿತು. ಗಂಧ 1998ರಿಂದ ಅಂತರರಾಷ್ಟ್ರೀಯ ಅಪಾಯಪಟ್ಟಿಯಲ್ಲಿದೆ. ಕಳ್ಳಸಾಗಣೆಯನ್ನು ಎಲ್ಲರೂ ದೂರುತ್ತಾರೆ, ಅದು ನಿಜವೂ ಹೌದು. ರೋಗದ ಪಾಲನ್ನು ಮಾತ್ರ ಅದರ ಮರೆಯಲ್ಲಿ ಸುಮ್ಮನೆ ಮರೆಯುತ್ತ ಬಂದಿದ್ದೇವೆ. ಕಾಡಿನ ಒಂದೇ ತುಣುಕನ್ನು ವರ್ಷಾನುವರ್ಷ ನೋಡುತ್ತ ಮರ, ಕೀಟ, ಆಸರೆ ಗಿಡ ಮೂರನ್ನೂ ಒಟ್ಟಿಗೆ ದಾಖಲಿಸುವ, ಜವಳಗಿರಿಯ ಕೀಟ ಸಮೀಕ್ಷೆಯನ್ನು ಮುಂದುವರಿಸುವ ಕೆಲಸ ನಡೆಯಬೇಕು. ವಾಹಕ ಕೀಟದ ಉತ್ತರ ಇನ್ನೆಲ್ಲಿಂದಲೂ ಬರುವುದಿಲ್ಲ.

2001ರ ಕಾಯ್ದೆ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧ ಬೆಳೆದವರದ್ದೇ ಆಗಿದೆ. ಸಾವಿರಾರು ರೈತರು ನೆಟ್ಟಿದ್ದಾರೆ. ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಳೆಯ ಮನೆಗಳ ಹಿತ್ತಲಲ್ಲೂ ಹಕ್ಕಿಗಳು ಬೀಜ ಉದುರಿಸಿ ತಾನಾಗಿ ಹುಟ್ಟಿದ ಗಂಧದ ಗಿಡಗಳಿವೆ. ನೆಟ್ಟವರು ತಿಳಿದಿರಬೇಕಾದದ್ದು ಹೆಚ್ಚಿಲ್ಲ. ರೋಗಕ್ಕೆ ಶಾಶ್ವತ ಔಷಧವಿಲ್ಲ, ಆದ್ದರಿಂದ ಸಸಿಯನ್ನು ನಂಬಿಕೆಯ ನರ್ಸರಿಯಿಂದಲೇ ತರಬೇಕು. ಎಲೆ ಹಳದಿಯಾದ ಮಾತ್ರಕ್ಕೆ ಸ್ಪೈಕ್ ಅಲ್ಲ, ಅದು ಆಸರೆ ಗಿಡವಿಲ್ಲದ ಸೊರಗೂ ಆಗಿರಬಹುದು. ಆದರೆ ಹೊಸ ಚಿಗುರು ಪ್ರತಿ ಸಲವೂ ಸಣ್ಣದಾಗಿ, ನೆಟ್ಟಗೆ ನಿಮಿರಿ ಬರತೊಡಗಿದರೆ ಆ ರೆಂಬೆಯ ಮಾದರಿಯನ್ನು ತಡಮಾಡದೆ ಪರೀಕ್ಷೆಗೆ ಕಳುಹಿಸಿ. ಅಕ್ಕಪಕ್ಕದ ಚೆನ್ನಾಗಿ ಕಾಣುವ ಮರಗಳನ್ನೂ ಅದರ ಜೊತೆಗೇ ಪರೀಕ್ಷೆ ಮಾಡಿಸಿ.